ಓಮ ಬೂಷ್ಟನ್ನು ಕೊಲ್ಲುತ್ತದೆ, ಆದರೂ ಓಮದ ಮಾತ್ರೆ ಯಾಕಿಲ್ಲ?

ಮೆಡಿಕಲ್ ಶಾಪಿನಲ್ಲಿ ಹುಳುಕಡ್ಡಿಗೆ ಮುಲಾಮು ಕೇಳಿದರೆ ಕ್ಲೋಟ್ರಿಮಜೋಲೋ, ಲುಲಿಕೊನಜೋಲೋ, ಟರ್ಬಿನಾಫಿನ್ನೋ ಕೊಡುತ್ತಾರೆ. ಇವು ಮೂರೂ ರಸಾಯನಶಾಸ್ತ್ರಜ್ಞರು ಲ್ಯಾಬಿನಲ್ಲಿ ಕಟ್ಟಿದ ಅಣುಗಳು. ಐಸಿಯುನಲ್ಲಿ ರಕ್ತನಾಳಕ್ಕೆ ಬಿಡುವ ಆಂಫೊಟೆರಿಸಿನ್ ಬಿ ಮಣ್ಣಿನ ಬ್ಯಾಕ್ಟೀರಿಯಾದಿಂದ ಬಂದದ್ದು. ಕ್ಯಾಸ್ಪೊಫಂಜಿನ್ನಿನ ಮೂಲ ಇನ್ನೊಂದು ಶಿಲೀಂಧ್ರ. ಮೈಯೊಳಗೆ ಇಳಿದ ಶಿಲೀಂಧ್ರ ರೋಗಕ್ಕೆ ವೈದ್ಯರು ಬಳಸುವ ಮುಖ್ಯ ಔಷಧಿಗಳಲ್ಲಿ ಗಿಡದಿಂದ ಬಂದದ್ದು ಒಂದೂ ಇಲ್ಲ.

ವಿಚಿತ್ರ ಅಲ್ವಾ? ಮಲೇರಿಯಾಕ್ಕೆ ಸಿಂಕೋನಾ ಮರ ಕ್ವಿನೈನ್ ಕೊಟ್ಟಿತು. ರಕ್ತದ ಕ್ಯಾನ್ಸರಿಗೆ ನಮ್ಮ ಅಂಗಳದ ನಿತ್ಯಪುಷ್ಪ ವಿನ್‌ಕ್ರಿಸ್ಟಿನ್ ಕೊಟ್ಟಿತು. ಹಾಗೆ ನೋಡಿದರೆ ಶಿಲೀಂಧ್ರದ ಜೊತೆ ಗಿಡಗಳಷ್ಟು ಹೋರಾಡಿದವರು ಬೇರೆ ಯಾರೂ ಇಲ್ಲ. ಗಿಡಗಳಿಗೆ ಬರುವ ರೋಗಗಳಲ್ಲಿ ಹೆಚ್ಚಿನವು ಶಿಲೀಂಧ್ರದಿಂದಲೇ ಬರುತ್ತವೆ. ಒದ್ದೆ ಮಣ್ಣಿನಲ್ಲಿ ಬೇರು ಬಿಟ್ಟು, ಓಡಿಹೋಗಲು ಕಾಲಿಲ್ಲದೆ ನಿಂತ ಜೀವ ಅದು. ಹಾಗಾಗಿ ಅದು ಮೈತುಂಬ ರಾಸಾಯನಿಕ ಇಟ್ಟುಕೊಂಡಿದೆ. ಲ್ಯಾಬಿನ ತಟ್ಟೆಯಲ್ಲಿ ಓಮ, ಲವಂಗ, ಬೆಳ್ಳುಳ್ಳಿ, ದಾಲ್ಚಿನ್ನಿ ಎಲ್ಲವೂ ಬೂಷ್ಟನ್ನು ತಡೆಯುತ್ತವೆ. ಇದು ಬರೀ ನಂಬಿಕೆಯಲ್ಲ, ಮತ್ತೆ ಮತ್ತೆ ಮಾಡಿ ನೋಡಿದ ಪರೀಕ್ಷೆ.

ಹಾಗಾದರೆ ತಟ್ಟೆಯಲ್ಲಿ ಗೆದ್ದದ್ದು ಮಾತ್ರೆಯಾಗಿ ಯಾಕೆ ಬರಲಿಲ್ಲ? ಇದಕ್ಕೆ ಉತ್ತರ ಸಿಗಬೇಕಾದರೆ ಈ ವಸ್ತುಗಳು ಹೇಗೆ ಕೊಲ್ಲುತ್ತವೆ ಎಂದು ನೋಡಬೇಕು.

ಮೊದಲು ಶಿಲೀಂಧ್ರ ಯಾರು ಎನ್ನುವುದು. ಗೋಡೆಯ ಮೇಲೆ ಬೆಳೆಯುವುದನ್ನು ನೋಡಿ ಅದು ಪಾಚಿಯ ಕಡೆಯದು ಅನ್ನಿಸಬಹುದು. ವಂಶಾವಳಿ ಬೇರೆ ಹೇಳುತ್ತದೆ. ಶಿಲೀಂಧ್ರ ಮರಗಿಡಕ್ಕಿಂತ ಪ್ರಾಣಿಗಳಿಗೇ ಹತ್ತಿರದ ಸಂಬಂಧಿ. ಅದರ ಕೋಶಕ್ಕೂ ನಮ್ಮ ಹಾಗೆ ಕೋಶಕೇಂದ್ರವಿದೆ, ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾ ಇದೆ, ಪ್ರೋಟೀನ್ ಕಟ್ಟುವ ರೀತಿಯೂ ಹೆಚ್ಚುಕಡಿಮೆ ನಮ್ಮದೇ. ತೊಂದರೆ ಇರುವುದು ಇಲ್ಲೇ. ಬ್ಯಾಕ್ಟೀರಿಯಾ ನಮಗಿಂತ ತೀರಾ ಬೇರೆ, ಆದ್ದರಿಂದ ಪೆನಿಸಿಲಿನ್ ಅದನ್ನು ಮಾತ್ರ ಹೊಡೆದು ನಮ್ಮನ್ನು ಬಿಡುತ್ತದೆ. ಶಿಲೀಂಧ್ರಕ್ಕೆ ವಿಷವಾದದ್ದು ನಮಗೂ ವಿಷವಾಗುವ ಸಾಧ್ಯತೆ ಜಾಸ್ತಿ.

ಆದರೂ ಎರಡು ದೊಡ್ಡ ವ್ಯತ್ಯಾಸಗಳಿವೆ. ಶಿಲೀಂಧ್ರದ ಕೋಶಕ್ಕೆ ಹೊರಗಡೆ ಗಟ್ಟಿ ಗೋಡೆ ಇದೆ. ಕೈಟಿನ್ ಮತ್ತು ಗ್ಲುಕಾನ್‌ನಿಂದ ಕಟ್ಟಿದ್ದು. ನಮ್ಮ ಕೋಶಕ್ಕೆ ಗೋಡೆಯೇ ಇಲ್ಲ. ಗೋಡೆಯ ಒಳಗಿರುವ ಪೊರೆ ಇಬ್ಬರಿಗೂ ಇದೆ, ಕೊಬ್ಬಿನಿಂದ ಆದದ್ದು. ದೋಸೆ ಹಿಟ್ಟಿನ ಹಾಗೆ ಅದಕ್ಕೂ ಒಂದು ಹದ ಬೇಕು, ತೀರಾ ಗಟ್ಟಿಯಾಗಬಾರದು, ತೀರಾ ನೀರಾಗಬಾರದು. ಆ ಹದವನ್ನು ನಮ್ಮ ಕೋಶ ಕೊಲೆಸ್ಟೆರಾಲ್‌ನಿಂದ ಕಾಯುತ್ತದೆ, ಶಿಲೀಂಧ್ರ ಎರ್ಗೋಸ್ಟೆರಾಲ್‌ನಿಂದ.

ಇಂದಿನ ಔಷಧಿಗಳಲ್ಲಿ ಬಹುಪಾಲು ಈ ಎರಡು ಜಾಗಕ್ಕೇ ಹೊಡೆಯುತ್ತವೆ. ಹೆಸರಿನ ಕೊನೆಯಲ್ಲಿ 'ಅಜೋಲ್' ಇರುವ ಔಷಧಿಗಳು ಎರ್ಗೋಸ್ಟೆರಾಲ್ ತಯಾರಾಗದಂತೆ ತಡೆಯುತ್ತವೆ. ಟರ್ಬಿನಾಫಿನ್ ಅದೇ ದಾರಿಯಲ್ಲಿ ಇನ್ನೂ ಮೊದಲೇ ಅಡ್ಡ ನಿಲ್ಲುತ್ತದೆ. ಕ್ಯಾಸ್ಪೊಫಂಜಿನ್ ಗೋಡೆಯ ಗ್ಲುಕಾನ್ ಕಟ್ಟಲು ಬಿಡುವುದಿಲ್ಲ. ಆಂಫೊಟೆರಿಸಿನ್ ನೇರವಾಗಿ ಎರ್ಗೋಸ್ಟೆರಾಲ್‌ಗೇ ಅಂಟಿಕೊಳ್ಳುತ್ತದೆ. ಆದರೆ ಅದು ಕೊಲೆಸ್ಟೆರಾಲನ್ನೂ ಸ್ವಲ್ಪ ಹಿಡಿಯುತ್ತದೆ, ಹಾಗಾಗಿ ಮೂತ್ರಪಿಂಡಕ್ಕೂ ಪೆಟ್ಟು ಬೀಳುತ್ತದೆ. 2021ರಲ್ಲಿ ಕೋವಿಡ್ ಎರಡನೇ ಅಲೆಯ ಜೊತೆ 'ಬ್ಲ್ಯಾಕ್ ಫಂಗಸ್' ಬಂದಾಗ ಈ ಇಂಜೆಕ್ಷನ್ನಿಗಾಗಿ ಜನ ಊರೂರು ಅಲೆದರು. ಸಿಕ್ಕವರಿಗೂ ವೈದ್ಯರು ಮೂತ್ರಪಿಂಡದ ಪರೀಕ್ಷೆ ಮಾಡಿಸುತ್ತಲೇ ಇರಬೇಕಿತ್ತು.

ಈಗ ಗಿಡದ ಕಡೆ ಬರೋಣ. ಗಿಡದ ರಾಸಾಯನಿಕ ನಿಜವಾಗಿಯೂ ರೋಗ ತಡೆಯುತ್ತದೆಯೋ, ಇಲ್ಲಾ ಸುಮ್ನೆ ಎಲೆಯಲ್ಲಿ ಇರುತ್ತದೆಯೋ? ಇದನ್ನು ಸಾಬೀತು ಮಾಡುವುದು ಸುಲಭವಲ್ಲ. ನನಗೆ ಗೊತ್ತಿರುವ ಅತಿ ಚೊಕ್ಕ ಪುರಾವೆ ಇಂಗ್ಲೆಂಡಿನ ಓಟ್ಸ್‌ನದು.

ಅಲ್ಲಿ ಗೋಧಿಯ ಬೇರಿಗೆ 'ಟೇಕ್-ಆಲ್' ಎಂಬ ಶಿಲೀಂಧ್ರ ರೋಗ ಬರುತ್ತದೆ. ಬೇರು ಕಪ್ಪಾಗಿ ಕೊಳೆತು ತೆನೆ ಬಿಳಿಚಿಕೊಳ್ಳುತ್ತದೆ. ಅದೇ ಮಣ್ಣಿನಲ್ಲಿ ಬೆಳೆದ ಓಟ್ಸ್‌ಗೆ ಏನೂ ಆಗುವುದಿಲ್ಲ. ಓಟ್ಸ್ ಬೇರಿನ ಹೊರಪದರದಲ್ಲಿ ಅವೆನಾಸಿನ್ ಎಂಬ ಸಪೋನಿನ್ ಇರುತ್ತದೆ. ಸಪೋನಿನ್ ಅಂದರೆ ನಮಗೆ ಪರಿಚಿತವೇ. ಅಂಟುವಾಳ, ಸೀಗೆಕಾಯಿ ನೊರೆ ಕೊಡುವುದು ಇದೇ ಜಾತಿಯ ವಸ್ತುವಿನಿಂದ. ಇದರ ಒಂದು ತುದಿ ಸಕ್ಕರೆ, ನೀರಿಗೆ ಇಷ್ಟ. ಇನ್ನೊಂದು ತುದಿ ಜಿಡ್ಡು. ಜಿಡ್ಡಿನ ತುದಿ ಶಿಲೀಂಧ್ರದ ಪೊರೆಗೆ ಹೊಕ್ಕು ಅಲ್ಲಿನ ಸ್ಟೆರಾಲ್ (ಎರ್ಗೋಸ್ಟೆರಾಲ್, ಕೊಲೆಸ್ಟೆರಾಲ್ ಬಳಗದ ವಸ್ತು) ಜೊತೆ ಕಚ್ಚಿಕೊಳ್ಳುತ್ತದೆ. ಅಂಥ ಜೋಡಿಗಳು ಒಂದೆಡೆ ಗುಂಪಾದಾಗ ಪೊರೆಯಲ್ಲಿ ತೂತು ಬೀಳುತ್ತದೆ. ಒಳಗಿನದೆಲ್ಲ ಸೋರಿ ಕೋಶ ಸಾಯುತ್ತದೆ.

ಅವೆನಾಸಿನ್‌ಗೆ ಇನ್ನೊಂದು ಗುಣವಿದೆ. ಅತಿನೇರಳೆ ಬೆಳಕಿನಲ್ಲಿ ಅದು ನೀಲಿಯಾಗಿ ಹೊಳೆಯುತ್ತದೆ. ಇಂಗ್ಲೆಂಡಿನ ನಾರಿಚ್‌ನಲ್ಲಿ ಸಸ್ಯವಿಜ್ಞಾನಿ ಆನ್ ಆಸ್‌ಬರ್ನ್ ಅವರ ತಂಡ ಇದನ್ನೇ ಹಿಡಿದು ಹೊರಟಿತು. ಓಟ್ಸ್ ಬೀಜಗಳಲ್ಲಿ ಅಲ್ಲಲ್ಲಿ ಜೀನ್ ಕೆಡಿಸಿ, ಮೊಳಕೆಗಳನ್ನು ಆ ಬೆಳಕಿನಲ್ಲಿ ಹಿಡಿದು, ಹೊಳೆಯದ ಬೇರುಗಳನ್ನು ಆರಿಸಿದರು. ಅವೆನಾಸಿನ್ ತಯಾರಿಸಲಾಗದ ಗಿಡಗಳು ಅವು. ಅವುಗಳಿಗೆ ಟೇಕ್-ಆಲ್ ರೋಗ ಬಂತು. ಇದು ಪ್ರಕಟವಾದದ್ದು 1999ರಲ್ಲಿ.

ಕಥೆಯ ಇನ್ನೊಂದು ಅರ್ಧ ಅದಕ್ಕೂ ಮೊದಲೇ, 1995ರಲ್ಲಿ ಹೊರಬಂದಿತ್ತು. ಟೇಕ್-ಆಲ್ ಶಿಲೀಂಧ್ರದ ಒಂದು ಬಗೆ ಓಟ್ಸ್‌ಗೂ ರೋಗ ತರುತ್ತದೆ. ಅದರ ಹತ್ತಿರ ಅವೆನಾಸಿನ್‌ನ ಸಕ್ಕರೆ ತುದಿಯನ್ನು ಕತ್ತರಿಸುವ ಕಿಣ್ವ ಇದೆ. ಸಕ್ಕರೆ ಹೋದರೆ ಸಪೋನಿನ್‌ನ ಹಲ್ಲು ಕಿತ್ತ ಹಾಗೆಯೇ. ಆಸ್‌ಬರ್ನ್ ತಂಡ ಆ ಕಿಣ್ವದ ಜೀನನ್ನು ಕೆಡಿಸಿತು. ಆಮೇಲೆ ಆ ಶಿಲೀಂಧ್ರ ಓಟ್ಸ್‌ಗೆ ಸೋತಿತು, ಗೋಧಿಯನ್ನು ಮಾತ್ರ ಮೊದಲಿನಂತೆಯೇ ತಿಂದಿತು. ಗಿಡದ ಕಡೆಯಿಂದ ಒಂದು ಪುರಾವೆ, ಶಿಲೀಂಧ್ರದ ಕಡೆಯಿಂದ ಒಂದು. ಇದಕ್ಕಿಂತ ಗಟ್ಟಿ ಸಾಕ್ಷಿ ಸಿಗುವುದು ಅಪರೂಪ.

ಟೊಮೇಟೊದಲ್ಲೂ ಇಂಥದ್ದೇ ಜಗಳ ನಡೆಯುತ್ತದೆ. ಅದರ ಎಲೆ, ಎಳೆಗಾಯಿಗಳಲ್ಲಿ ಟೊಮಾಟಿನ್ ಇದೆ. ಹಣ್ಣಾಗುತ್ತಾ ಅದು ಬಹಳ ಕಡಿಮೆಯಾಗುತ್ತದೆ. ಸೊರಗು ರೋಗ ತರುವ ಫ್ಯುಸೇರಿಯಂ, ಎಲೆಚುಕ್ಕೆ ತರುವ ಸೆಪ್ಟೋರಿಯಾ ಎರಡೂ ಟೊಮಾಟಿನ್ ಒಡೆಯುವ ಕಿಣ್ವ ಇಟ್ಟುಕೊಂಡಿವೆ. ಸೆಪ್ಟೋರಿಯಾದ ಕಿತಾಪತಿ ಇನ್ನೂ ಒಂದು ಹೆಜ್ಜೆ ಮುಂದೆ. ಒಡೆದು ಉಳಿದ ಚೂರು ಗಿಡದ ಬೇರೆ ರಕ್ಷಣೆಗಳನ್ನೂ ಮಂಕಾಗಿಸುತ್ತದೆ.

ಇಲ್ಲಿ ಒಂದು ಪ್ರಶ್ನೆ ಏಳಬೇಕು. ಗಿಡದ ಪೊರೆಯಲ್ಲೂ ಸ್ಟೆರಾಲ್ ಇದೆಯಲ್ಲ, ಅದು ತನ್ನ ವಿಷಕ್ಕೆ ತಾನೇ ಯಾಕೆ ಸಾಯುವುದಿಲ್ಲ? ಗಿಡ ಈ ವಸ್ತುವನ್ನು ಕೋಶದೊಳಗಿನ ಚೀಲದಲ್ಲಿ ಬೇರೆಯಾಗಿ ಇಡುತ್ತದೆ. ಕೋಶ ಒಡೆದಾಗ ಮಾತ್ರ ಅದು ಹೊರಗೆ ಬರುತ್ತದೆ. ಬೇರಿನ ಅಂಚಿನ ನಾಲ್ಕು ಕೋಶ ಸತ್ತರೆ ಗಿಡಕ್ಕೆ ನಷ್ಟವಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬೆಳ್ಳುಳ್ಳಿಯಲ್ಲಿ ಈ ಏರ್ಪಾಡು ಇನ್ನೂ ಜಾಣತನದ್ದು. ಇಡೀ ಎಸಳಿನಲ್ಲಿ ವಿಷವೂ ಇಲ್ಲ, ಘಾಟೂ ಇಲ್ಲ. ಅಲ್ಲಿನ್ ಎಂಬ ಸಪ್ಪೆ ವಸ್ತು ಒಂದು ಕಡೆ, ಅಲ್ಲಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ ಇರುತ್ತವೆ. ಜಜ್ಜಿದಾಗ ಎರಡೂ ಸೇರಿ ಕೆಲವೇ ಕ್ಷಣಗಳಲ್ಲಿ ಅಲ್ಲಿಸಿನ್ ಹುಟ್ಟುತ್ತದೆ. ಇದನ್ನು 1944ರಲ್ಲಿ ಅಮೆರಿಕದ ಚೆಸ್ಟರ್ ಕ್ಯಾವಲಿಟೊ ಮತ್ತು ಜಾನ್ ಬೇಲಿ ಬೇರ್ಪಡಿಸಿದರು. ಇಡೀ ಎಸಳನ್ನು ಹಾಗೇ ಬೇಯಿಸಿದರೆ ಕಿಣ್ವ ಸತ್ತುಹೋಗುತ್ತದೆ, ಅಲ್ಲಿಸಿನ್ ಹುಟ್ಟುವುದೇ ಇಲ್ಲ. ಸಾರಿನಲ್ಲಿ ಬೆಂದ ಇಡೀ ಬೆಳ್ಳುಳ್ಳಿಗೆ ಖಾರ ಇಲ್ಲದಿರುವುದು ಅದಕ್ಕೇ. ಸಾಸಿವೆಯದೂ ಇದೇ ತಂತ್ರ. ಕಾಳು ಒಡೆದು ನೀರು ತಾಗಿದಾಗಲೇ ಮೂಗಿಗೆ ಏರುವ ಘಾಟು ಹುಟ್ಟುವುದು. ಆ ಘಾಟು ಬೂಷ್ಟನ್ನೂ ತಡೆಯುತ್ತದೆ. ಹಾಗಂತ ಉಪ್ಪಿನಕಾಯಿ ಕೆಡದೆ ಉಳಿಯುವುದಕ್ಕೆ ಸಾಸಿವೆಪುಡಿಗೇ ಪೂರ್ತಿ ಹೆಸರು ಕೊಡಬೇಡಿ. ಅಲ್ಲಿ ದೊಡ್ಡ ಕೆಲಸ ಉಪ್ಪು, ಹುಳಿ, ಎಣ್ಣೆಯದು.

ಅಲ್ಲಿಸಿನ್ ಪೊರೆಯಲ್ಲಿ ತೂತು ಮಾಡುವ ಬಗೆಯದಲ್ಲ. ಅದು ಪೊರೆಯನ್ನು ಸಲೀಸಾಗಿ ದಾಟಿ ಒಳಗೆ ಹೋಗುತ್ತದೆ. ಅಲ್ಲಿ ಪ್ರೋಟೀನುಗಳಲ್ಲಿರುವ ಗಂಧಕದ ಗುಂಪುಗಳಿಗೆ ಅಂಟಿಕೊಳ್ಳುತ್ತದೆ. ಎಷ್ಟೋ ಕಿಣ್ವಗಳು ಕೆಲಸ ಮಾಡುವುದು ಆ ಗುಂಪಿನಿಂದಲೇ. ಅಷ್ಟೇ ಅಲ್ಲ, ಕೋಶ ತನ್ನನ್ನು ಕಾಯ್ದುಕೊಳ್ಳಲು ಇಟ್ಟುಕೊಂಡ ಗ್ಲುಟಾಥಯೋನ್ ಎಂಬ ದಾಸ್ತಾನನ್ನೂ ಅದು ಖಾಲಿ ಮಾಡುತ್ತದೆ. ಒಂದೇ ಏಟಿಗೆ ಹತ್ತಾರು ಕಡೆ ಪೆಟ್ಟು. ದಾಲ್ಚಿನ್ನಿಯ ಸಿನಮಾಲ್ಡಿಹೈಡ್ ಕೂಡ ಹೆಚ್ಚುಕಡಿಮೆ ಹೀಗೆಯೇ ಸಿಕ್ಕಿದ ಪ್ರೋಟೀನಿಗೆ ಅಂಟುತ್ತದೆ.

ಓಮದ ಥೈಮಾಲ್, ಲವಂಗದ ಯೂಜೆನಾಲ್ ಇವುಗಳದು ಮೂರನೇ ದಾರಿ. ಇವು ಸಣ್ಣ ಎಣ್ಣೆಯಂಥ ಅಣುಗಳು. ಓಮದ ಎಣ್ಣೆಯಲ್ಲಿ ಸುಮಾರು ಅರ್ಧದಷ್ಟು ಥೈಮಾಲೇ ಇರುತ್ತದೆ. ಮೊದಲ ಮಹಾಯುದ್ಧಕ್ಕೆ ಮುಂಚೆ ನಮ್ಮ ದೇಶದ ಓಮ ಜರ್ಮನಿಗೆ ಹಡಗೇರಿ ಅಲ್ಲಿ ಥೈಮಾಲ್ ಆಗುತ್ತಿತ್ತು. ಈ ಅಣುಗಳು ಪೊರೆಯ ಕೊಬ್ಬಿನಲ್ಲೇ ಕರಗಿ ಕೂರುತ್ತವೆ. ಪೊರೆಯ ಹದ ಕೆಡುತ್ತದೆ. ಒಳಗೆ ಬರಬಾರದ ಅಯಾನುಗಳು ನುಗ್ಗುತ್ತವೆ, ಹೊರಗೆ ಹೋಗಬಾರದ್ದು ಸೋರುತ್ತದೆ. ಥೈಮಾಲ್‌ನ ಅವಳಿಯಂತಿರುವ ಕಾರ್ವಕ್ರಾಲ್ ಅನ್ನು ಯೀಸ್ಟ್ ಮೇಲೆ ಹಾಕಿ ನೋಡಿದಾಗ ಮೊದಲು ಕಂಡದ್ದು ಕೋಶದೊಳಗೆ ಕ್ಯಾಲ್ಸಿಯಂ ಏಕಾಏಕಿ ಏರಿದ್ದು. ಸಾವು ಅದರ ಹಿಂದೆ ಬಂತು. ಅಂದರೆ ಇಲ್ಲಿ ಪೊರೆ ಒಡೆದು ಚೂರಾಗಲೇಬೇಕು ಎಂದಿಲ್ಲ. ಅಯಾನುಗಳ ಲೆಕ್ಕ ತಪ್ಪಿದರೆ ಸಾಕು.

ಗಿಡಗಳು ಎಲ್ಲವನ್ನೂ ಮೊದಲೇ ಮಾಡಿ ಇಡುವುದಿಲ್ಲ ಎನ್ನುವುದನ್ನೂ ಹೇಳಿಬಿಡಬೇಕು. 1940ರಲ್ಲಿ ಜರ್ಮನಿಯ ಮ್ಯುಲರ್ ಮತ್ತು ಬೋರ್ಗರ್ ಆಲೂಗಡ್ಡೆ ಹೋಳಿನ ಮೇಲೆ ಅಂಗಮಾರಿ ರೋಗಾಣುವಿನ ಒಂದು ಸಾಧು ತಳಿಯನ್ನು ಮೊದಲು ಹಾಕಿದರು. ಆಮೇಲೆ ಅದೇ ಜಾಗಕ್ಕೆ ಜೋರಿನ ತಳಿ ಹಾಕಿದರೆ ಅದು ಬೆಳೆಯಲಿಲ್ಲ. ದಾಳಿ ಕಂಡ ಮೇಲೆ ಗಡ್ಡೆ ಹೊಸದಾಗಿ ಏನೋ ತಯಾರಿಸಿತ್ತು. ಇಂಥ ವಸ್ತುಗಳನ್ನು ಫೈಟೋಅಲೆಕ್ಸಿನ್ ಎನ್ನುತ್ತಾರೆ. ದ್ರಾಕ್ಷಿಯ ರೆಸ್ವೆರಟ್ರಾಲ್, ಬೆಂಕಿ ರೋಗಕ್ಕೆ ಎದುರಾಗಿ ಭತ್ತ ತಯಾರಿಸುವ ಸಕುರಾನೆಟಿನ್ ಈ ಗುಂಪಿನವು.

ಆಲೂಗಡ್ಡೆ ಅಂಗಮಾರಿಯ ರೋಗಾಣು ಫೈಟಾಫ್ತೊರಾ. ಮಲೆನಾಡು, ಕರಾವಳಿಯಲ್ಲಿ ಅಡಿಕೆಗೆ ಕೊಳೆರೋಗ ತರುವುದೂ ಅದೇ ಬಳಗ. ನೋಡಲು, ಬೆಳೆಯಲು ಶಿಲೀಂಧ್ರದ ಹಾಗೇ. ಆದರೆ ನಿಜವಾದ ಶಿಲೀಂಧ್ರವಲ್ಲ. ಅದರ ಗೋಡೆಯಲ್ಲಿ ಸೆಲ್ಯುಲೋಸ್ ಇದೆ, ಅದು ಎರ್ಗೋಸ್ಟೆರಾಲ್ ತಯಾರಿಸುವುದಿಲ್ಲ. ಲ್ಯಾಬಿನಲ್ಲಿ ಫೈಟಾಫ್ತೊರಾವನ್ನು ಬೇರ್ಪಡಿಸುವಾಗ ತಟ್ಟೆಗೆ ಎರ್ಗೋಸ್ಟೆರಾಲ್‌ಗೆ ಅಂಟುವ ಪಿಮರಿಸಿನ್ ಎಂಬ ಔಷಧಿ ಹಾಕುತ್ತಾರೆ. ಬೇರೆ ಬೂಷ್ಟೆಲ್ಲ ನಿಂತುಹೋಗುತ್ತದೆ, ಇದು ಆರಾಮಾಗಿ ಬೆಳೆಯುತ್ತದೆ. ಹಾಗಾಗಿ 'ಶಿಲೀಂಧ್ರನಾಶಕ' ಎಂದು ಬರೆದ ಬಾಟಲಿಯೆಲ್ಲ ಕೊಳೆರೋಗಕ್ಕೆ ಆಗುತ್ತದೆ ಎಂದುಕೊಂಡರೆ ದುಡ್ಡು ದಂಡ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ನೂರು ವರ್ಷಕ್ಕೂ ಹಿಂದೆ ಕೊಳೆರೋಗದ ಮೇಲೆ ಕೆಲಸ ಮಾಡಿ ಬೋರ್ಡೋ ದ್ರಾವಣವನ್ನು ತೋಟಕ್ಕೆ ತಂದರು. ಮೈಲುತುತ್ತ ಮತ್ತು ಸುಣ್ಣದ ಆ ಮಿಶ್ರಣ ಇನ್ನೂ ನಿಂತಿರುವುದಕ್ಕೆ ಒಂದು ಕಾರಣ, ತಾಮ್ರ ಎರ್ಗೋಸ್ಟೆರಾಲ್ ಇದೆಯೋ ಇಲ್ಲವೋ ಎಂದು ನೋಡುವುದಿಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರಬಹುದು. ಗಿಡ ತನ್ನ ಆಯುಧವನ್ನು ಬಳಸುವುದು ಗಾಯವಾದ ಜಾಗದಲ್ಲಿ, ಆ ಕ್ಷಣದಲ್ಲಿ, ಬಹಳ ಹೆಚ್ಚು ಪ್ರಮಾಣದಲ್ಲಿ. ತನ್ನ ನಾಲ್ಕು ಕೋಶ ಸತ್ತರೂ ಅದಕ್ಕೆ ಚಿಂತೆಯಿಲ್ಲ. ಆದ್ದರಿಂದ ಅದರ ವಸ್ತುಗಳು ಶತ್ರುವನ್ನು ಆರಿಸಿ ಹೊಡೆಯುವ ಗೋಜಿಗೆ ಹೋಗಿಲ್ಲ. ಮಾತ್ರೆ ಮಾಡಬೇಕಾದ ಅಣುವಿಗೆ ಬೇಕಾದದ್ದು ಇದರ ಪೂರ್ತಿ ಉಲ್ಟಾ. ಅದು ಹೊಟ್ಟೆಯಿಂದ ರಕ್ತಕ್ಕೆ ಹೋಗಬೇಕು, ಗಂಟೆಗಟ್ಟಲೆ ಉಳಿಯಬೇಕು, ಕಡಿಮೆ ಪ್ರಮಾಣದಲ್ಲೇ ಶಿಲೀಂಧ್ರವನ್ನು ಹಿಡಿಯಬೇಕು, ನಮ್ಮ ಕೋಶವನ್ನು ಮುಟ್ಟಬಾರದು.

ಲೆಕ್ಕದಲ್ಲೇ ನೋಡಿ. ಮನುಷ್ಯರಿಗೆ ರೋಗ ತರುವ ಕ್ಯಾಂಡಿಡಾ ಎಂಬ ಯೀಸ್ಟ್ ತಡೆಯಲು ಆಂಫೊಟೆರಿಸಿನ್ ಒಂದು ಮಿಲಿಲೀಟರಿಗೆ ಸುಮಾರು 1 ಮೈಕ್ರೋಗ್ರಾಂ ಇದ್ದರೆ ಸಾಮಾನ್ಯವಾಗಿ ಸಾಕು. ಥೈಮಾಲ್, ಯೂಜೆನಾಲ್ ನೂರಾರು ಮೈಕ್ರೋಗ್ರಾಂ ಬೇಕು. ಅಷ್ಟು ಥೈಮಾಲ್ ರಕ್ತದಲ್ಲಿ ನಿಲ್ಲಿಸಲು ಹೋದರೆ ಶಿಲೀಂಧ್ರಕ್ಕಿಂತ ಮೊದಲು ರೋಗಿ ಹೋಗುತ್ತಾನೆ. ಅಲ್ಲಿಸಿನ್ ರಕ್ತ ಸೇರಿದ ನಿಮಿಷಗಳಲ್ಲೇ ಮಾಯ, ಯಾಕೆಂದರೆ ಗ್ಲುಟಾಥಯೋನ್ ನಮ್ಮ ರಕ್ತಕಣದಲ್ಲೂ ಧಾರಾಳವಾಗಿದೆ. ಸಪೋನಿನ್ ನಮ್ಮ ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ. ಅರಿಶಿನದ ಕರ್ಕ್ಯುಮಿನ್ ಕರುಳಿನಿಂದ ರಕ್ತಕ್ಕೆ ಹೋಗುವುದೇ ಅಪರೂಪ. ಅದಕ್ಕೆ ಬಣ್ಣವೂ ಹೊಳಪೂ ಇರುವುದರಿಂದ ಬೆಳಕನ್ನು ಅಳೆಯುವ ಲ್ಯಾಬ್ ಪರೀಕ್ಷೆಗಳನ್ನೂ ಅದು ದಾರಿ ತಪ್ಪಿಸುತ್ತದೆ. 'ಅರಿಶಿನ ಇಂಥ ರೋಗಾಣು ಕೊಂದಿತು' ಎಂಬ ಸುದ್ದಿ ಓದಿದಾಗ ನಾನು ಮೊದಲು ಹುಡುಕುವುದು ಎಷ್ಟು ಪ್ರಮಾಣ, ಎಲ್ಲಿ ಎನ್ನುವುದನ್ನು. ಹೆಚ್ಚಿನ ಸಲ ಉತ್ತರ ಲ್ಯಾಬ್ ತಟ್ಟೆ ಎಂದೇ ಇರುತ್ತದೆ.

ಮಣ್ಣಿನ ಬ್ಯಾಕ್ಟೀರಿಯಾ, ಅಣಬೆಗಳ ಪರಿಸ್ಥಿತಿ ಬೇರೆ. ಅವು ಹೊರಗಿನ ನೀರಿಗೆ, ಮಣ್ಣಿಗೆ ವಿಷ ಬಿಡುತ್ತವೆ. ಅಲ್ಲಿ ಅದು ಚದುರಿ ತೆಳುವಾಗುತ್ತದೆ. ತೆಳುವಾದರೂ ಕೆಲಸ ಮಾಡುವ ಅಣುವಿಗೆ ಮಾತ್ರ ಬೆಲೆ. ನಮ್ಮ ಔಷಧಿಗಳು ಅಲ್ಲಿಂದ ಸಿಕ್ಕಿರುವುದಕ್ಕೆ ಇದೂ ಒಂದು ಕಾರಣ ಎಂದು ನನ್ನ ಎಣಿಕೆ. ರೈತರು ಸಿಂಪಡಿಸುವ ಶಿಲೀಂಧ್ರನಾಶಕ ಅಜಾಕ್ಸಿಸ್ಟ್ರೋಬಿನ್ ಕೂಡ ಗಿಡದ್ದಲ್ಲ. ಯುರೋಪಿನ ಕಾಡಿನಲ್ಲಿ ಪೈನ್ ಕಾಯಿಯ ಮೇಲೆ ಏಳುವ ಪುಟ್ಟ ಅಣಬೆಯೊಂದರ ವಸ್ತುವನ್ನು ನೋಡಿ ಮಾಡಿದ್ದು.

ಚರ್ಮದ ಮೇಲಾದರೆ ಗಿಡದ ವಸ್ತುವಿಗೆ ಅವಕಾಶ ಹೆಚ್ಚು. ರಕ್ತಕ್ಕೆ ಹೋಗಬೇಕಾಗಿಲ್ಲ, ಹೆಚ್ಚು ಪ್ರಮಾಣ ಹಚ್ಚಬಹುದು. ಬೆಳ್ಳುಳ್ಳಿಯಿಂದ ಬರುವ ಅಜೋಯೀನ್ ಎಂಬ ವಸ್ತುವನ್ನು 1990ರ ದಶಕದಲ್ಲಿ ವೆನೆಜುವೆಲಾದಲ್ಲಿ ಕಾಲಿನ ಶಿಲೀಂಧ್ರಕ್ಕೆ ಹಚ್ಚಿ ಒಳ್ಳೆಯ ಫಲ ಕಂಡರು. ಪ್ರಯೋಗ ಚಿಕ್ಕದು, ಆದರೆ ಮನುಷ್ಯರ ಮೇಲೆ ಮಾಡಿದ್ದು. ಆಸ್ಟ್ರೇಲಿಯಾದ ಟೀ ಟ್ರೀ ಎಣ್ಣೆಯದು ಇನ್ನೊಂದು ಪಾಠ. 1992ರ ಒಂದು ಪ್ರಯೋಗದಲ್ಲಿ ಶೇ 10ರ ಟೀ ಟ್ರೀ ಕ್ರೀಮು ಹಚ್ಚಿದವರಿಗೆ ಕಡಿತ, ಉರಿ ಟಾಲ್‌ನಾಫ್ಟೇಟ್ ಔಷಧಿ ಹಚ್ಚಿದವರಷ್ಟೇ ಚೆನ್ನಾಗಿ ಇಳಿಯಿತು. ಚರ್ಮ ಕೆರೆದು ಪರೀಕ್ಷೆ ಮಾಡಿದಾಗ ಶಿಲೀಂಧ್ರ ಹೋಗಿದ್ದದ್ದು ಔಷಧಿ ಗುಂಪಿನಲ್ಲಿ ಶೇ 85 ಜನರಿಗೆ, ಟೀ ಟ್ರೀ ಗುಂಪಿನಲ್ಲಿ ಶೇ 30, ಏನೂ ಇಲ್ಲದ ಕ್ರೀಮಿನಲ್ಲಿ ಶೇ 21. ಕಡಿತ ನಿಂತದ್ದಕ್ಕೂ ರೋಗ ಹೋದದ್ದಕ್ಕೂ ಎಷ್ಟು ದೂರ ನೋಡಿ.

ಹಸಿ ಬೆಳ್ಳುಳ್ಳಿ ಅರೆದು ಹುಳುಕಡ್ಡಿಗೆ ಕಟ್ಟುವುದನ್ನು ಮಾತ್ರ ಮಾಡಬೇಡಿ. ಅಲ್ಲಿಸಿನ್ ಚರ್ಮವನ್ನೂ ಸುಡುತ್ತದೆ. ಬೊಬ್ಬೆ ಎದ್ದು ಆಸ್ಪತ್ರೆ ಸೇರಿದ ಉದಾಹರಣೆಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬೇಕಾದಷ್ಟಿವೆ. ಈಗ ಭಾರತದಲ್ಲಿ ಹರಡಿರುವ ಟ್ರೈಕೊಫೈಟನ್ ಇಂಡೊಟಿನಿಯೆ ಎಂಬ ಹುಳುಕಡ್ಡಿ ಎಷ್ಟೋ ಕಡೆ ಟರ್ಬಿನಾಫಿನ್ನಿಗೇ ಬಗ್ಗುತ್ತಿಲ್ಲ. ಸ್ಟೀರಾಯ್ಡ್ ಬೆರೆಸಿದ ಮುಲಾಮುಗಳನ್ನು ಜನ ತಾವೇ ಕೊಂಡು ಹಚ್ಚಿಕೊಂಡದ್ದು ಇದಕ್ಕೆ ಗೊಬ್ಬರ ಹಾಕಿದೆ. ಹರಡುತ್ತಿರುವ ಹುಳುಕಡ್ಡಿಗೆ ಚರ್ಮದ ಡಾಕ್ಟರೇ ಬೇಕು.

ಔಷಧಿಗೆ ಬಗ್ಗದ ಶಿಲೀಂಧ್ರ ಹೆಚ್ಚುತ್ತಿರುವುದೇ ಗಿಡಗಳ ಕಡೆ ಮತ್ತೆ ಕಣ್ಣು ಹೋಗಲು ಕಾರಣ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಪಾಯದ ಶಿಲೀಂಧ್ರಗಳ ಮೊದಲ ಪಟ್ಟಿ ತಂದಿತು. 19 ಹೆಸರುಗಳು. ಅತಿ ತುರ್ತಿನ ಗುಂಪಿನಲ್ಲಿ ಕ್ಯಾಂಡಿಡಾ ಆರಿಸ್ ಇದೆ. ಗಿಡದ ವಸ್ತು ಇಲ್ಲಿ ಒಂಟಿಯಾಗಿ ಗೆಲ್ಲುತ್ತದೆ ಎಂದು ಯಾರೂ ಗಂಭೀರವಾಗಿ ಹೇಳುತ್ತಿಲ್ಲ. ಹಳೆಯ ಔಷಧಿಗೆ ಜೊತೆಗಾರನಾಗಬಹುದೇ ಎಂದು ನೋಡುತ್ತಿದ್ದಾರೆ. ಮರದರಿಶಿನದಲ್ಲಿರುವ ಹಳದಿ ವಸ್ತು ಬರ್ಬೆರಿನ್. ಫ್ಲುಕೊನಜೋಲ್‌ಗೆ ಬಗ್ಗದ ಕ್ಯಾಂಡಿಡಾ ಆಲ್ಬಿಕನ್ಸ್ ಮೇಲೆ ಎರಡನ್ನೂ ಸೇರಿಸಿ ಹಾಕಿದಾಗ ಒಂದೊಂದೇ ಹಾಕಿದ್ದಕ್ಕಿಂತ ಬಹಳ ಜೋರಾಗಿ ಕೆಲಸ ಮಾಡಿತು. ಇದೂ ಸದ್ಯ ಲ್ಯಾಬಿನ ಮಾತೇ.

ಹೊಲದಲ್ಲಿ ಚಿತ್ರ ಇನ್ನೂ ಚೆನ್ನಾಗಿದೆ. ಬೇವಿನೆಣ್ಣೆಯಿಂದ ಗಿಡದ ಶಿಲೀಂಧ್ರ ತಡೆಯುವ ವಿಧಾನಕ್ಕೆ ಅಮೆರಿಕದ ಗ್ರೇಸ್ ಕಂಪನಿ ಮತ್ತು ಅಲ್ಲಿನ ಕೃಷಿ ಇಲಾಖೆ 1994ರಲ್ಲಿ ಯುರೋಪಿನ ಪೇಟೆಂಟ್ ಪಡೆದಿದ್ದವು. ಇದು ನಮ್ಮಲ್ಲಿ ಮೊದಲೇ ಗೊತ್ತಿದ್ದ ವಿದ್ಯೆ ಎಂದು ಪರಿಸರ ಹೋರಾಟಗಾರ್ತಿ ವಂದನಾ ಶಿವ ಮತ್ತಿತರರು ಎದುರು ನಿಂತರು. 2000ದಲ್ಲಿ ಪೇಟೆಂಟ್ ರದ್ದಾಯಿತು, 2005ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ಎಲೆಯ ಮೇಲೆ ಸಿಂಪಡಿಸುವುದಕ್ಕೆ ರಕ್ತದ ರಗಳೆ ಇಲ್ಲ. ಹಲವು ಕಡೆ ಒಟ್ಟಿಗೆ ಹೊಡೆಯುವ ವಸ್ತುವಿಗೆ ಶಿಲೀಂಧ್ರ ಒಗ್ಗಿಕೊಳ್ಳುವುದೂ ಕಷ್ಟ. ಉಳಿಯುವ ತೊಡಕು ಒಂದೇ, ಈ ಎಣ್ಣೆಗಳು ಬಿಸಿಲಿಗೆ ಬೇಗ ಆರಿಹೋಗುತ್ತವೆ.

ಅದಕ್ಕೂ ಒಂದು ದಾರಿ ಸಿಕ್ಕಿದೆ. ಇಂಗ್ಲೆಂಡಿನ ಈಡನ್ ರಿಸರ್ಚ್ ಕಂಪನಿ ಥೈಮಾಲ್, ಯೂಜೆನಾಲ್, ಜೆರಾನಿಯಾಲ್ ಮೂರನ್ನೂ ಸೇರಿಸಿ ದ್ರಾಕ್ಷಿಯ ಬೂದುಬೂಷ್ಟಿಗೆ, ಅಂದರೆ ಬೊಟ್ರೈಟಿಸ್ ರೋಗಕ್ಕೆ, ಮೆವಲೋನ್ ಎಂಬ ಸಿಂಪಡಣೆ ಮಾಡಿದೆ. ಯುರೋಪಿನ ದ್ರಾಕ್ಷಿ ತೋಟಗಳಲ್ಲಿ ಅದು ಬಳಕೆಯಲ್ಲಿದೆ. ಎಣ್ಣೆ ಹಾರಿಹೋಗದಂತೆ ಅವರು ಅದನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳಲ್ಲಿ ತುಂಬುತ್ತಾರೆ. ಬೊಟ್ರೈಟಿಸ್ ಚಿಗುರಲು ಎಲೆ ಒದ್ದೆಯಾಗಬೇಕು. ಆ ಒದ್ದೆಯಲ್ಲೇ ಚೀಲವೂ ಎಣ್ಣೆಯನ್ನು ನಿಧಾನವಾಗಿ ಹೊರಬಿಡುತ್ತದೆ. ಆ ಚೀಲ ಯಾವುದು ಗೊತ್ತಾ? ಒಳಗಿನದನ್ನೆಲ್ಲ ತೆಗೆದು ಬರಿದು ಮಾಡಿದ ಯೀಸ್ಟಿನ ಗೋಡೆ. ಯೀಸ್ಟ್ ಕೂಡ ಶಿಲೀಂಧ್ರವೇ.